ಅಕ್ಕ ಬೇಡವೆಂದ ಭಾಷೆ

ಜರ್ಮನ್ ಕಲಿ ಎಂದು ನನಗೆ ಹೇಳದವರೇ ಇರಲಿಲ್ಲ. ಕಾಲೇಜಿನ ಪ್ರಿನ್ಸಿಪಾಲರು ಹೇಳಿದರು, ಗ್ರಂಥಾಲಯದ ಗೋಡೆಗೆ ಅಂಟಿಸಿದ ಬಣ್ಣದ ಪೋಸ್ಟರು ಹೇಳಿತು, ಪ್ಯಾಂಟಿಗೆ ಜಿಪ್ ಹಾಕಿಸಲು ಅಮ್ಮನ ಹೊಲಿಗೆ ಅಂಗಡಿಗೆ ಬಂದ ಔಷಧಿ ಅಂಗಡಿಯವನೂ ಹೇಳಿದ. ಬೇಡ ಎಂದವಳು ಒಬ್ಬಳೇ, ಜರ್ಮನಿಯಲ್ಲೇ ಇರುವ ನನ್ನ ಅಕ್ಕ.

"ಅದೊಂದು ತಲೆನೋವಿನ ಭಾಷೆ ಕಣೆ. ನಿನ್ನ ಕೈಲಿ ಆಗಲ್ಲ. ಬೇರೆ ಏನಾದ್ರೂ ತಗೋ," ಎಂದಳು ಫೋನಿನಲ್ಲಿ.

ನಿನ್ನ ಕೈಲಿ ಆಗಲ್ಲ ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಕ್ಕನಿಗೆ ಅದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅಂದಳು. ತಾನು ಮಾತ್ರ ಮೇಲೆ ಬರಬೇಕು, ತಂಗಿ ಇಲ್ಲೇ ಗುಂಡಿ ಹೊಲಿಯುತ್ತ ಬಿದ್ದಿರಬೇಕು ಎನ್ನುವ ಬುದ್ಧಿ ಇವಳಿಗೆ ಯಾವಾಗ ಬಂತು ಎಂದು ನಾನು ಎಷ್ಟೋ ದಿನ ಮುಖ ಊದಿಸಿಕೊಂಡು ಓಡಾಡಿದೆ.

ಅಮ್ಮ ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆಯೇ ತೀರ್ಪು ಕೊಟ್ಟಳು. "ನೀನು ಸೇರ್ಕೋ. ಅವಳಿಗೆ ಹೇಳೋಕೆ ಹೋಗ್ಬೇಡ. ಚೆನ್ನಾಗಿ ಕಲಿ. ಒಂದಿನ ಅವಳ ಮುಂದೆ ಪಟಪಟ ಅಂತ ಮಾತಾಡು, ಬೆಚ್ಚಿ ಬೀಳಲಿ."

ಅಪ್ಪ ತೀರಿಹೋದ ಮೇಲೆ ಮಿಷನ್ನಿನ ಪೆಡಲು ತುಳಿದೇ ನಮ್ಮಿಬ್ಬರನ್ನೂ ಓದಿಸಿದವಳು ಅಮ್ಮ. ಅವಳ ಅಂಗಡಿಯೆಂದರೆ ರಸ್ತೆಗೆ ಬಾಯಿ ತೆರೆದುಕೊಂಡ ಒಂದು ಕೋಣೆ. ಎದುರಿಗೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು, ಗೋಡೆಗೆ ನೇತುಹಾಕಿದ ಅರ್ಧ ಹೊಲಿದ ಕೋಟುಗಳು, ಮೂಲೆಯಲ್ಲಿ ಪರದೆ ಕಟ್ಟಿದ ಟ್ರಯಲ್ ಜಾಗ. ಹಿಂದಿನ ಬಾಗಿಲು ದಾಟಿದರೆ ನಮ್ಮ ಮನೆ. ಅಮ್ಮ ಒಂದು ಮಾತು ಹೇಳಿದಳೆಂದರೆ ಅದು ಕತ್ತರಿ ಹಾಕಿದ ಬಟ್ಟೆಯ ಹಾಗೆ, ಮತ್ತೆ ಕೂಡಿಸಲು ಬರುವುದಿಲ್ಲ. ನಾನು ಸೇರಿದೆ.

ನಮ್ಮ ಜರ್ಮನ್ ಮೇಡಂ ಮೊದಲ ದಿನವೇ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ, ಯಾಕೆ ಬಂದಿರಿ ಎಂದು ಕೇಳಿದರು. ಎಂಜಿನಿಯರಿಂಗ್ ಹುಡುಗ ಅಲ್ಲಿನ ಕಾರುಗಳ ಹೆಸರನ್ನು ಭಕ್ತಿಯಿಂದ ಒಂದೊಂದಾಗಿ ಹೇಳಿದ. ಇನ್ನೊಬ್ಬಳು ಅಲ್ಲಿನ ಸರ್ಕಾರಿ ಕಾಲೇಜುಗಳಲ್ಲಿ ಫೀಸಿನ ಕಾಟ ಕಡಿಮೆಯಂತೆ ಎಂದಳು. ನರ್ಸಿಂಗ್ ಹುಡುಗಿಯರು ಕೆಲಸ ಎಂದರು. ತತ್ವಶಾಸ್ತ್ರದ ಗಡ್ಡದವನು ದೊಡ್ಡ ದೊಡ್ಡ ಪುಸ್ತಕಗಳನ್ನು ಮೂಲದಲ್ಲೇ ಓದಬೇಕು ಎಂದ. ಅವನು ಆರನೇ ವಾರಕ್ಕೇ ಕಾಣೆಯಾದ. ಹಿಂದಿನ ಬೆಂಚಿನವಳು ಮಾತ್ರ ಫ್ರೆಂಚ್ ಕ್ಲಾಸಿನಲ್ಲಿ ಸೀಟಿರಲಿಲ್ಲ ಎಂದು ಸತ್ಯ ಹೇಳಿದಳು. ನನ್ನ ಸರದಿ ಬಂದಾಗ, "ನಮ್ಮಕ್ಕನ ಸೊಕ್ಕು ಇಳಿಸೋಕೆ," ಎಂದುಬಿಟ್ಟೆ.

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. "ಪರವಾಗಿಲ್ಲ. ಸಿಟ್ಟಿನಿಂದ ಕಲಿಯೋರು ಕ್ಲಾಸು ತಪ್ಪಿಸಲ್ಲ," ಎಂದರು.

ಮೇಡಂ ಗಿಡ್ಡಕ್ಕೆ, ತೆಳ್ಳಗೆ ಇದ್ದರು. ಆದರೆ ಅವರ ಕೆಂಪು ಪೆನ್ನಿಗೆ ಕರುಣೆ ಎನ್ನುವುದು ಗೊತ್ತಿರಲಿಲ್ಲ. ವಾರ್ಷಿಕೋತ್ಸವದ ದಿನ ವೇದಿಕೆಯ ಮೇಲೆ ಪ್ರಿನ್ಸಿಪಾಲರು ಜರ್ಮನ್‌ನಲ್ಲಿ ಸ್ವಾಗತ ಹೇಳಿದಾಗ, ಅಲ್ಲೇ ಪಕ್ಕದಲ್ಲಿ ಕೂತು ಮೈಕಿಗೆ ಕೇಳಿಸುವಂತೆ ತಿದ್ದಿದವರು ಅವರು. ತಪ್ಪನ್ನು ಸುಮ್ಮನೆ ಬಿಟ್ಟರೆ ಅದು ಬಾಡಿಗೆ ಕೊಡದೆ ಮನೆ ಮಾಡಿಕೊಂಡು ಕೂತುಬಿಡುತ್ತದೆ ಎನ್ನುತ್ತಿದ್ದರು. ಧ್ವನಿಮುದ್ರಣ ಕೇಳಿಸುವ ತರಗತಿಯಲ್ಲಿ ಅವರು ಎಲ್ಲವನ್ನೂ ಎರಡು ಸಲ ಹಾಕುತ್ತಿದ್ದರು. "ಮೊದಲನೇ ಸಲ ಪದಪದ ಹಿಡಿಯೋಕೆ ಹೋಗ್ಬೇಡಿ. ಯಾರು ಮಾತಾಡ್ತಿದಾರೆ, ಯಾರ ಹತ್ರ, ಯಾವುದರ ಬಗ್ಗೆ, ಅಷ್ಟೇ ಹಿಡೀರಿ. ಉಳಿದದ್ದು ಎರಡನೇ ಸಲಕ್ಕೆ."

ಅಕ್ಕ ಅಲ್ಲಿ ಒಂದು ವೃದ್ಧಾಶ್ರಮದಲ್ಲಿ ನರ್ಸು. ಹೋದವಳು ಮತ್ತೆ ಬಂದಿರಲಿಲ್ಲ, ಪ್ರತಿ ಸಲವೂ ರಜೆ ಸಿಗಲಿಲ್ಲ ಎನ್ನುತ್ತಿದ್ದಳು. ಭಾನುವಾರ ಮಾತ್ರ ತಪ್ಪದೆ ವಿಡಿಯೋ ಕಾಲ್ ಮಾಡುತ್ತಿದ್ದಳು. ನಮ್ಮಲ್ಲಿ ಫೋನೆಂದರೆ ಗುಟ್ಟಿನ ವಸ್ತುವಲ್ಲ. ಅಮ್ಮ ಅದನ್ನು ಇಸ್ತ್ರಿಪೆಟ್ಟಿಗೆಗೆ ಒರಗಿಸಿ, ಸ್ಪೀಕರ್ ಹಾಕಿ, ಮೇಜಿನ ಮೇಲೆ ನಿಲ್ಲಿಸಿ ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತಲೇ ಮಾತಾಡುತ್ತಾಳೆ. ಅಂಗಡಿಗೆ ಬಂದವರೆಲ್ಲ ಬಗ್ಗಿ ನೋಡಿ, "ಚೆನ್ನಾಗಿದೀಯಾ? ಬೆಳ್ಳಗಾಗಿದೀಯ," ಎಂದು ಹೋಗುತ್ತಾರೆ. ಅಕ್ಕನ ಮುಖ ಪರದೆ ತುಂಬ ಇರುತ್ತಿತ್ತು, ಹಿಂದೆ ಬರೀ ಬಿಳಿ ಗೋಡೆ. ಡ್ಯೂಟಿ ಮಧ್ಯೆ ವಿಶ್ರಾಂತಿ ಕೋಣೆಯಿಂದ ಮಾತಾಡುತ್ತಿದ್ದೇನೆ ಎನ್ನುವಳು. ಆಚೆಯಿಂದ ಏನಾದರೂ ದನಿ ಕೇಳಿದರೆ, "ಪೇಷಂಟ್ ಕರೀತಿದಾರೆ, ಇಡ್ತೀನಿ," ಎಂದು ತಟ್ಟನೆ ಕತ್ತರಿಸುವಳು. ನನಗೆ ಭಾನುವಾರವೇ ಮಾತುಕತೆಯ ಕ್ಲಾಸು ಇರುತ್ತಿದ್ದರಿಂದ ಆ ಹೊತ್ತಿಗೆ ನಾನು ಮನೆಯಲ್ಲಿ ಇರುತ್ತಲೇ ಇರಲಿಲ್ಲ.

ಹೀಗೆ ಒಂದು ವರ್ಷ ಕಳೆದು ಪರೀಕ್ಷೆಗಳು ಮುಗಿದವು. ಅಮ್ಮ ಆ ವಾರ ಕಾಲನ್ನು ಶನಿವಾರ ಮಧ್ಯಾಹ್ನಕ್ಕೆ ತಂದಳು. ಬ್ಯಾಂಕ್ ಮೇಡಂ ಬರುವವರಿದ್ದರು. ಅವರು ನಮ್ಮ ಹಳೇ ಗಿರಾಕಿ, ದೊಡ್ಡ ದನಿಯವರು. ಹಡಗಿನಲ್ಲಿ ಕೆಲಸ ಮಾಡುವ ಮಗನಿಗೆ ಹುಡುಗಿ ಹುಡುಕಿ ಹುಡುಕಿ ಸುಸ್ತಾಗಿದ್ದರು. ಅಕ್ಕನನ್ನು ಅವರಿಗೆ ತೋರಿಸುವುದು ಎಂದು ಅಮ್ಮ ಗೊತ್ತುಮಾಡಿದ್ದಳು. ಅಕ್ಕನಿಗೆ ಮಾತ್ರ ಸುಳಿವು ಕೊಟ್ಟಿರಲಿಲ್ಲ. ನನಗೆ ಇನ್ನೊಂದು ಅಪ್ಪಣೆಯಾಯಿತು: "ನಿಮ್ಮ ಜರ್ಮನ್ ಮೇಡಂ ಕೋಟು ಟ್ರಯಲ್‌ಗೆ ಬಂದಿದೆ. ಅವರನ್ನೂ ಅದೇ ಹೊತ್ತಿಗೆ ಬರೋಕೆ ಹೇಳು."

ಮೇಡಂ ಮುಂದೆ ನನ್ನನ್ನು ಮೆರೆಸುವ ಆಸೆ ಅಮ್ಮನಿಗೆ ಎಂದುಕೊಂಡು ನಾನು ಒಳಗೊಳಗೇ ಉಬ್ಬಿದೆ. ಅಕ್ಕ ಬೆಚ್ಚಿ ಬೀಳುವ ದಿನ ಇವತ್ತೇ ಎಂದುಕೊಂಡೆ. ಹೇಳಬೇಕಾದ ನಾಲ್ಕು ಮಾತುಗಳನ್ನು ಕನ್ನಡಿಯ ಮುಂದೆ ನಿಂತು ಉರು ಹೊಡೆದೆ.

ಕಾಲ್ ಬಂದಾಗ ಬ್ಯಾಂಕ್ ಮೇಡಂ ಸ್ಟೂಲಿನ ತುಂಬ ಕೂತಿದ್ದರು. ಜರ್ಮನ್ ಮೇಡಂ ಒಂದೇ ತೋಳಿನ ಕೋಟು ತೊಟ್ಟು ನಿಂತಿದ್ದರು, ಇನ್ನೊಂದು ತೋಳಿಗೆ ಅಮ್ಮ ಗುಂಡುಪಿನ್ನು ಚುಚ್ಚುತ್ತಿದ್ದಳು. ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಅಮ್ಮ, "ಇವರು ಬ್ಯಾಂಕ್ ಮೇಡಂ, ನೆನಪಿದೆಯಲ್ಲ? ನಿನ್ನ ಹತ್ರ ಮಾತಾಡ್ಬೇಕಂತೆ," ಎಂದಳು.

ಬ್ಯಾಂಕ್ ಮೇಡಂ ಸಾಲಕ್ಕೆ ಅರ್ಜಿ ಹಾಕಿದವರನ್ನು ವಿಚಾರಿಸುವ ಹಾಗೆ ಶುರುಮಾಡಿದರು. ಸಂಜೆ ಹೊತ್ತು ಏನು ಮಾಡುತ್ತೀಯ, ಅಡುಗೆ ಬರುತ್ತಾ, ಅಲ್ಲೇ ಇದ್ದುಬಿಡುವ ಯೋಚನೆಯಾ, ವಾಪಸ್ ಬರುವ ಮನಸ್ಸಿದೆಯಾ. ಅಕ್ಕ ಕಣ್ಣು ಮಿಟುಕಿಸುತ್ತ ಹೂಂ, ಉಹೂಂ ಎನ್ನುತ್ತಿದ್ದಳು. ಅವಳಿಗೆ ವಿಷಯ ಹೊಳೆದದ್ದು ಮುಖದಲ್ಲೇ ಕಾಣಿಸಿತು.

"ಅಮ್ಮ, ಪೇಷಂಟ್ ಕರೀತಿದಾರೆ..."

"ಕರೀಲಿ, ಕಾಯ್ತಾರೆ. ನಿನಗೋಸ್ಕರ ಇವರು ಕೆಲಸ ಬಿಟ್ಟು ಬಂದು ಕೂತಿದಾರೆ."

ಆಗ ಅಳು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಒಂದು ಬಾಗಿಲು ತೆರೆದ ಸದ್ದು. ಒಬ್ಬ ಗಂಡಸು ಜರ್ಮನ್‌ನಲ್ಲಿ ಏನೋ ಹೇಳಿದ. ಮುದುಕಿಯೊಬ್ಬಳು ಅವನ ಮಾತಿನ ಮೇಲೆ ಮಾತಾಡಿದಳು. ಅಕ್ಕ ಕತ್ತು ತಿರುಗಿಸಿ ಅವಸರದಲ್ಲಿ ಏನೋ ಅಂದಳು.

ನಾನು ಅಭ್ಯಾಸಬಲದಿಂದ ಮೇಡಂ ಹೇಳಿಕೊಟ್ಟ ಹಾಗೇ ಕೇಳಿಸಿಕೊಂಡೆ. ಯಾರು ಮಾತಾಡುತ್ತಿದ್ದಾರೆ? ಒಬ್ಬ ಗಂಡಸು. ಯಾರ ಹತ್ತಿರ? ನನ್ನ ಅಕ್ಕನ ಹತ್ತಿರ. ಯಾವುದರ ಬಗ್ಗೆ? ಅವರಿಬ್ಬರ ಮಗನ ಬಗ್ಗೆ.

ತಪ್ಪು ಕೇಳಿಸಿಕೊಂಡೆ ಎಂದು ನನ್ನನ್ನೇ ಬೈದುಕೊಂಡೆ. ಎರಡನೇ ಸಲ ಹಾಕುವವರು ಇಲ್ಲಿ ಯಾರೂ ಇರಲಿಲ್ಲ, ಆದರೆ ಬೇಕಾಗಿಯೂ ಇರಲಿಲ್ಲ, ಒಂದೊಂದು ಮಾತೂ ಕಿವಿಯಲ್ಲಿ ಹಾಗೇ ನಿಂತಿತ್ತು. ನಮ್ಮ ಹುಡುಗ ಎದ್ದುಬಿಟ್ಟ, ಹಲ್ಲಿನ ನೋವಿರಬೇಕು, ನೀನೇ ಬೇಕಂತೆ ಎಂದಿದ್ದ ಅವನು. ಅವನನ್ನು ಈಚೆ ಕೊಡು, ಅವಳಮ್ಮನ ಫೋನು, ಅವರಿಗೆ ಮಗು ಕಾಣುವುದು ಬೇಡ ಎಂದಿದ್ದಳು ಮುದುಕಿ. ನೀರು ಕುಡಿಸುತ್ತಿರಿ, ಈಗ ಬಂದೆ ಎಂದಿದ್ದಳು ಅಕ್ಕ. ನನ್ನ ಅಕ್ಕ. ಸಣ್ಣವಳಿದ್ದಾಗ ನನ್ನ ಜಡೆ ಹಾಕುತ್ತಿದ್ದವಳು, ಶಾಲೆಯಲ್ಲಿ ಪೆನ್ಸಿಲ್ ಕಳೆದರೂ ಬಂದು ಅಮ್ಮನಿಗೆ ಹೇಳುತ್ತಿದ್ದವಳು. ಮುದುಕಿಯ ಮೇಲೆ ನನಗೆ ಕೆಂಡದಂಥ ಕೋಪ ಬಂತು. ನಮ್ಮಮ್ಮನಿಗೆ ಕಾಣುವುದು ಬೇಡ ಎನ್ನಲು ಇವಳ್ಯಾರು?

"ಯಾರದು, ಹೀಗೆ ಅಳ್ತಿರೋದು?" ಬ್ಯಾಂಕ್ ಮೇಡಂ ಹುಬ್ಬು ಏರಿಸಿದರು. "ಏನಂತೆ?"

"ನಮ್ಮ ಚಿಕ್ಕವಳಿದಾಳಲ್ಲ," ಎಂದಳು ಅಮ್ಮ. ಬಾಯಿಂದ ಪಿನ್ನುಗಳನ್ನು ತೆಗೆದು ಡಬ್ಬಿಗೆ ಹಾಕಿದಳು. "ವರ್ಷದಿಂದ ಅದೇ ಭಾಷೆ ಕಲೀತಿದಾಳೆ. ಹೇಳೇ, ಏನಂದ್ರು ಅವರು?"

ಪರದೆಯ ಮೇಲೆ ಅಕ್ಕನ ಮುಖದ ರಕ್ತ ಇಳಿದುಹೋದದ್ದನ್ನು ನಾನು ನೋಡಿದೆ. ಅವಳು ಬೆಚ್ಚಿ ಬೀಳಲಿ ಎಂದು ವರ್ಷವಿಡೀ ಕಾದಿದ್ದೆ. ಬೆಚ್ಚಿ ಬಿದ್ದಿದ್ದಳು. ನೋಡಲು ನನ್ನಿಂದ ಆಗಲಿಲ್ಲ.

"ಒಬ್ಬರು ಅಜ್ಜಿ," ಎಂದೆ. "ಮಾತ್ರೆ ನುಂಗಲ್ಲ ಅಂತ ಹಟ ಮಾಡ್ತಿದಾರಂತೆ. ಅಕ್ಕನೇ ಬರ್ಬೇಕಂತೆ."

"ಅಜ್ಜಿನಾ? ಹೀಗೆ ಅಳ್ತಾರಾ?"

"ತುಂಬ ವಯಸ್ಸಾದ್ರೆ ಮಕ್ಕಳ ಥರಾನೇ ಆಗಿಬಿಡ್ತಾರೆ ಆಂಟಿ."

ಅಮ್ಮ ನನ್ನನ್ನೇ ನೋಡಿದಳು. ಆಮೇಲೆ ನಿಧಾನವಾಗಿ ಜರ್ಮನ್ ಮೇಡಂ ಕಡೆ ತಿರುಗಿದಳು. "ಮೇಡಂ, ನಮಗೇನು ಗೊತ್ತಾಗುತ್ತೆ. ನೀವು ಹೇಳಿ. ಇವಳು ಸರಿಯಾಗಿ ಹೇಳಿದ್ಲಾ?"

ಪ್ರಿನ್ಸಿಪಾಲರನ್ನೇ ಬಿಡದ ಹೆಂಗಸು ಇವರು. ಮೇಡಂ ಒಂಟಿ ತೋಳಿನ ಕೋಟಿನಲ್ಲಿ ಕೈ ಚಾಚಿಕೊಂಡು ನಿಂತಿದ್ದರು. ಅವರ ಕಣ್ಣು ಫೋನಿನ ಮೇಲೆ ಹೋಯಿತು, ನನ್ನ ಮೇಲೆ ಬಂತು.

"ಸರಿಯಾಗಿದೆ," ಎಂದರು. "ತಪ್ಪಿಲ್ಲ."

ಅಷ್ಟರಲ್ಲಿ ಅಕ್ಕ ಕಾಲ್ ಕತ್ತರಿಸಿದ್ದಳು. ಬ್ಯಾಂಕ್ ಮೇಡಂಗೆ ಬಹಳ ಸಮಾಧಾನವಾಗಿತ್ತು. ಹುಡುಗಿಗೆ ವಯಸ್ಸಾದವರ ಮೇಲೆ ಎಷ್ಟು ಮಮತೆ, ನಾಳೆ ನಮ್ಮನ್ನೂ ಹೀಗೇ ನೋಡಿಕೊಳ್ಳುತ್ತಾಳೆ ಎಂದು ಹೇಳಿ, ಮಗನಿಗೆ ಫೋನ್ ಮಾಡುತ್ತೇನೆಂದು ಎದ್ದು ಹೋದರು. ಅಮ್ಮ ಅವರನ್ನು ನಗುತ್ತಲೇ ಕಳಿಸಿಕೊಟ್ಟಳು.

ಮೇಡಂ ಅವರನ್ನು ಬಸ್ ನಿಲ್ದಾಣದವರೆಗೆ ಬಿಡಲು ಹೋದೆ. ಸೈಕಲ್ ರಿಪೇರಿಯವನ ಅಂಗಡಿ ದಾಟಿದ ಮೇಲೆ ಅವರೇ ಬಾಯಿ ಬಿಟ್ಟರು.

"ನಿಂಗೆ ಮೊದಲೇ ಗೊತ್ತಿತ್ತಾ?"

"ಇಲ್ಲ ಮೇಡಂ."

"ನನ್ನ ಸರ್ವೀಸಿನಲ್ಲೇ ಇದೇ ಮೊದಲು, ಪೂರ್ತಿ ತಪ್ಪಿಗೆ ಪೂರ್ತಿ ಅಂಕ ಕೊಟ್ಟಿದ್ದು," ಎಂದರು. "ಇನ್ನೊಂದು ಸಲ ಕೇಳಿದ್ರೆ ಕೊಡಲ್ಲ. ಆ ತಾಯಿ ಮುಖ ನೋಡ್ಕೊಂಡು ನನ್ನ ಕೈಲಾಗಲ್ಲ."

ಬಸ್ಸು ಬಂತು, ಹತ್ತಿ ಹೋದರು. ನಾನು ನಿಲ್ದಾಣದ ಕಬ್ಬಿಣದ ಬೆಂಚಿನ ಮೇಲೆ ಕೂತು ಅಕ್ಕನಿಗೆ ಫೋನ್ ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದಳು.

"ಕಲೀಬೇಡ ಅಂದಿದ್ದೆನಲ್ಲೇ," ಎಂದಳು.

"ನಿನ್ನ ಮಗನಿಗೆ ಎಷ್ಟು ವಯಸ್ಸು?"

"ವರ್ಷ ತುಂಬಿ ಒಂದು ತಿಂಗಳಾಯ್ತು. ಎದ್ದು ನಿಲ್ತಾನೆ."

ಎದ್ದು ನಿಲ್ಲುತ್ತಾನಂತೆ. ಒಂದು ವರ್ಷದಿಂದ ನಾನು ಚಿಕ್ಕಮ್ಮ, ಮತ್ತು ನನಗೇ ಅದು ಗೊತ್ತಿಲ್ಲ. ಸಂತೋಷವಾಗಬೇಕಿತ್ತೇನೋ, ನನಗಾದದ್ದು ಬರೀ ಸಿಟ್ಟು. ಯಾರವನು, ಮದುವೆಯಾಗಿದೆಯಾ, ನಾವೆಲ್ಲ ಸತ್ತುಹೋಗಿದ್ದೆವಾ ಎಂದು ಬಾಯಿಗೆ ಬಂದದ್ದನ್ನೆಲ್ಲ ಕೇಳಿದೆ. ಅವನು ಅದೇ ವೃದ್ಧಾಶ್ರಮದ ಅಡುಗೆಯವನು, ಮದುವೆಯಾಗಿಲ್ಲ, ಅವನ ತಾಯಿಯೂ ಜೊತೆಗೇ ಇದ್ದಾರೆ, ಒಳ್ಳೆಯವರು ಎಂದಳು. ವಿಶ್ರಾಂತಿ ಕೋಣೆಯ ಆ ಬಿಳಿ ಗೋಡೆ ಅವರ ಮನೆಯ ಅಡುಗೆಮನೆಯದು.

"ಹೇಳೋಣ ಅಂತಾನೇ ಇದ್ದೆ ಕಣೆ. ಈ ವಾರ ಹೇಳ್ತೀನಿ, ಮುಂದಿನ ವಾರ ಹೇಳ್ತೀನಿ ಅಂತ. ಫೋನ್ ಹಚ್ಚಿದ್ರೆ ಅಮ್ಮ ಅಂಗಡಿ ತುಂಬ ಜನ ಕೂರಿಸ್ಕೊಂಡಿರ್ತಾಳೆ. ಹುಟ್ಟಿದ ಮೇಲೆ ಹೇಳೋಣ ಅಂದ್ಕೊಂಡೆ. ಹುಟ್ಟಿದ ಮೇಲೆ, ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅನ್ನೋದಕ್ಕೆ ಉತ್ತರ ಇರ್ಲಿಲ್ಲ." ಅವಳು ಅಳುತ್ತಿದ್ದಳು. "ಅಮ್ಮನಿಗೆ ಗೊತ್ತಾಗ್ಬಾರ್ದು. ಇವತ್ತು ಕಾಪಾಡಿದೆಯಲ್ಲ, ಹಾಗೇ ಇರು. ಅಮ್ಮ ತಡ್ಕೊಳ್ಳಲ್ಲ."

ಇವಳಿಗೆ ಹೂಂ ಎನ್ನಲೂ ಆಗದೆ, ಇಲ್ಲ ಎನ್ನಲೂ ಆಗದೆ ಫೋನ್ ಇಟ್ಟೆ. ಮನೆಯ ಕಡೆ ಕಾಲೆಳೆದುಕೊಂಡು ಹೋಗುವಾಗ ಒಂದೇ ಯೋಚನೆ. ಇದು ಅಮ್ಮನಿಗೆ ಗೊತ್ತಾದರೆ ಅವಳ ಎದೆ ಒಡೆಯುತ್ತದೆ, ಗೊತ್ತಾಗದಿದ್ದರೆ ಮೊಮ್ಮಗ ಅಜ್ಜಿಯಿಲ್ಲದೆ ಬೆಳೆಯುತ್ತಾನೆ. ಎರಡರಲ್ಲಿ ಒಂದನ್ನು ಆರಿಸುವ ಕೆಲಸ ನನ್ನ ತಲೆಗೆ ಬಂದದ್ದು ಎಲ್ಲರೂ ಕಲಿ ಕಲಿ ಎಂದ ಆ ದರಿದ್ರ ಭಾಷೆಯಿಂದ.

ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದೆ. ಅಮ್ಮ ಮೇಡಂ ಕೋಟನ್ನು ತೊಡೆಯ ಮೇಲೆ ಹರಡಿಕೊಂಡು ಚುಚ್ಚಿದ ಪಿನ್ನುಗಳನ್ನೆಲ್ಲ ಮತ್ತೆ ಬಿಚ್ಚುತ್ತಿದ್ದಳು. ತೋಳು ಎಲ್ಲೋ ಓರೆಯಾಗಿತ್ತಂತೆ. ಅವಳು ಓರೆ ಚುಚ್ಚಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಹಲ್ಲು ಬರ್ತಿದೆಯಂತಾ?" ಎಂದು ಕೇಳಿದಳು.

"ಯಾರಿಗೆ?"

"ಈ ಮಿಷನ್ನಿಗೆ. ಯಾರಿಗೆ ಅಂತೆ."

ಅಮ್ಮ ಇನ್ನೊಂದು ಪಿನ್ನು ತೆಗೆದು ಡಬ್ಬಿಗೆ ಹಾಕಿದಳು.

"ಇವತ್ತು... ಗೊತ್ತಾಯ್ತಾ ನಿನಗೆ?"

"ಇವತ್ತಾ?" ಅಮ್ಮ ತಲೆ ಎತ್ತಿದಳು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಎಂದಿನದೇ. "ಅದು ಬೆಕ್ಕಿನ ಮರಿ ಥರ ಕುಂಯ್ ಅಂತಿದ್ದಾಗಿಂದ ಕೇಳ್ತಿದೀನಿ. ಭಾನುವಾರ ಭಾನುವಾರ. ಮೊದಲು ಬರೀ ಹಸಿವಿಗೆ ಅಳ್ತಿತ್ತು. ಆಮೇಲೆ ಹಟಕ್ಕೆ ಅಳೋದು ಕಲೀತು. ಇವತ್ತಿನದು ಹಲ್ಲು ನೋವಿನ ಅಳು. ಒಂದ್ಸಲ ನಕ್ಕಿದ್ದೂ ಕೇಳಿಸ್ತು. ಇವಳು ಪೇಷಂಟ್ ಅಂದ್ಲು."

"ಮತ್ತೆ ಯಾಕೆ ಕೇಳ್ಲಿಲ್ಲ ಅಮ್ಮ?"

"ಏನಂತ ಕೇಳ್ಲಿ? ಪಕ್ಕದ ಮನೆ ಮಗು ಆಗಿದ್ರೆ? ಹೆತ್ತ ಮಗಳ ಮೇಲೆ ಇಲ್ಲದ್ದು ಹೊರಿಸಿದ ಹಾಗೆ ಆಗ್ತಿತ್ತು. ಅಲ್ಲಿ ಹಿಂದೆ ಏನು ಮಾತಾಡ್ತಾರೆ ಅಂತ ತಿಳಿಯೋ ಒಂದು ಜೀವ ಈ ಮನೇಲಿ ಇರ್ಲಿಲ್ಲ." ಅವಳು ಕೋಟನ್ನು ಮೇಜಿನ ಮೇಲಿಟ್ಟಳು. "ನಿನ್ನ ಆ ಕ್ಲಾಸಿಗೆ ಯಾಕೆ ಹಾಕ್ದೆ ಅಂದ್ಕೊಂಡೆ? ನೀನೂ ಅಲ್ಲಿಗೆ ಹೋಗಿ ಉದ್ಧಾರ ಆಗ್ಲಿ ಅಂತಾನಾ?"

ಕಾರಿನ ಹುಡುಗನಿಗೆ ಒಂದು ಕಾರಣವಿತ್ತು, ನರ್ಸಿಂಗ್ ಹುಡುಗಿಯರಿಗೆ ಒಂದಿತ್ತು. ನನ್ನ ಕಾರಣ ನನ್ನದೇ ಎಂದುಕೊಂಡು ನಾನು ಒಂದು ವರ್ಷ ಬೀಗಿದ್ದೆ. ಅದನ್ನು ಅಮ್ಮ ನನಗೆ ಅಳತೆ ಹಿಡಿದು ಹೊಲಿದು ತೊಡಿಸಿದ್ದಳು.

"ಸಂಬಂಧ ಅಂತ ಎದುರಿಗೆ ತಂದು ಕೂರಿಸಿದ್ರೆ ಅವಳಾಗೇ ಬಾಯಿ ಬಿಡ್ತಾಳೆ ಅಂದ್ಕೊಂಡೆ, ಬಿಡ್ಲಿಲ್ಲ. ಆ ಬ್ಯಾಂಕಿನವರಿಗೆ ನಾಳೆ ಯಾವ ಮುಖ ಇಟ್ಕೊಂಡು ಇಲ್ಲ ಅನ್ಲಿ. ನೀನು ಹೇಳ್ತೀಯ ಅಂದ್ಕೊಂಡೆ. ನೀನು ನುಂಗ್ಕೊಂಡ್ರೆ ಅಂತ, ಸುಳ್ಳೇ ಬರದ ನಿಮ್ಮ ಮೇಡಂನೂ ಕರೆಸ್ದೆ. ಅವರೂ ಕೈ ಕೊಟ್ರು." ಅಮ್ಮನ ದನಿ ಅಲ್ಲಿ ಮೊದಲ ಸಲ ಒಡೆಯಿತು. "ಕಲಿತೆ. ಕಲಿತು ಹೋಗಿ ನೀನೂ ಅವಳ ಕಡೆ ಸೇರ್ಕೊಂಡೆ. ಎಲ್ಲರಿಗೂ ತಿಳಿಯುತ್ತೆ, ನನಗೊಬ್ಬಳಿಗೆ ತಿಳೀಬಾರ್ದು ಅಲ್ವಾ?"

ನಾನು ಅವಳ ಕಾಲ ಬಳಿ ಕೂತು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ಅಳು ಮುಗಿಯುವವರೆಗೆ ಕಾದು, ಫೋನನ್ನು ನನ್ನ ಕೈಗೆ ಕೊಟ್ಟಳು.

"ಹಚ್ಚು. ನಾನು ಹೇಳಿದ್ದನ್ನ ಹೇಳು, ಅವರು ಹೇಳಿದ್ದನ್ನ ಹೇಳು. ನಿಂದು ಅಂತ ಒಂದು ಮಾತೂ ಸೇರಿಸ್ಬೇಡ."

ಅಕ್ಕ ಎತ್ತಿದಳು. ಅಮ್ಮನನ್ನೂ ನನ್ನನ್ನೂ ಅಕ್ಕಪಕ್ಕ ನೋಡಿ ಅವಳಿಗೆ ಎಲ್ಲ ತಿಳಿದುಹೋಯಿತು. "ಅಮ್ಮ," ಎಂದಳು.

"ನಿನ್ನ ಹತ್ರ ಆಮೇಲೆ ಮಾತಾಡ್ತೀನಿ. ಆ ಮನೆ ಹಿರಿಯರ ಕೈಗೆ ಫೋನ್ ಕೊಡು."

"ನಾನೇ ಎಲ್ಲ ಹೇಳ್ತೀನಮ್ಮ, ದಯವಿಟ್ಟು..."

"ಕೊಡು."

ಫೋನು ಕೈ ಬದಲಾಯಿತು. ಅಡುಗೆಮನೆ ಓಲಾಡಿತು, ಆಮೇಲೆ ನಿಂತಿತು. ಬಿಳಿಗೂದಲಿನ ದಪ್ಪ ಹೆಂಗಸು ಕುರ್ಚಿಯಲ್ಲಿ ಕೂತಿದ್ದರು. ಅವರ ಹೆಗಲ ಮೇಲೆ ಕಪ್ಪು ಕೂದಲಿನ ಪುಟ್ಟ ತಲೆ ಒರಗಿ ನಿದ್ದೆ ಹೋಗಿತ್ತು, ತುಟಿ ಅರ್ಧ ತೆರೆದಿತ್ತು. ಮೂಗು ನಮ್ಮಪ್ಪನದು. ಅಮ್ಮ ಅದನ್ನೇ ನೋಡುತ್ತ ನೋಡುತ್ತ ಮೇಜಿನ ಅಂಚನ್ನು ಹಿಡಿದುಕೊಂಡಳು. ಅಕ್ಕ ಆ ಕುರ್ಚಿಯ ಹಿಂದೆ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

"ಹೇಳು," ಎಂದಳು ಅಮ್ಮ ನನಗೆ. "ನಾನು ಈ ಮಗುವಿನ ಅಜ್ಜಿ. ನನಗೆ ಯಾರೂ ಹೇಳ್ಲಿಲ್ಲ."

ಮೊದಲ ತಿಂಗಳೇ ಕಲಿಯುವಂಥ ವಾಕ್ಯಗಳು ಅವು. ನನ್ನದೊಂದು ಮಾತೂ ಸೇರಿಸದೆ ಹಾಗೇ ಹೇಳಿದೆ.

ಮುದುಕಿಯ ಮುಖದಲ್ಲಿ ಗಲಿಬಿಲಿ ಕಾಣಿಸಿತು. ಅವರು ಒಮ್ಮೆ ಹಿಂತಿರುಗಿ ಅಕ್ಕನನ್ನು ನೋಡಿದರು, ಮತ್ತೆ ನಮ್ಮ ಕಡೆ ತಿರುಗಿದರು. ಮಗುವಿನ ಬೆನ್ನ ಮೇಲೆ ಕೈಯಿಟ್ಟುಕೊಂಡು, ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ, ನನಗೆ ಅರ್ಥವಾಗಲೆಂದೇ ನಿಧಾನವಾಗಿ ಹೇಳಿದರು. ಅಷ್ಟು ನಿಧಾನವಾಗಿ ಹೇಳದಿದ್ದರೇ ಚೆನ್ನಾಗಿತ್ತು. ಗೋಡೆಗೆ ಒರಗಿದ್ದ ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಏನಂದ್ರು?" ಎಂದಳು ಅಮ್ಮ.

ಇದನ್ನೂ ಹೇಳಬೇಕೇ ಎಂದು ನಾನು ಅವಳ ಮುಖ ನೋಡಿದೆ. ಅವಳು ಕಾಯುತ್ತಿದ್ದಳು.

"ಮಗು ಹುಟ್ಟಿದ ದಿನವೇ ನಿಮಗೆ ಹೇಳಿದ್ದಾಯಿತಂತೆ," ಎಂದೆ, ಅವರ ಬಹುವಚನದಲ್ಲೇ. "ಈ ಮಗುವಿನ ಮುಖ ನನಗೆ ತೋರಿಸ್ಬೇಡಿ ಅಂತ ನೀವೇ ಅಂದ್ರಂತೆ. ಅಕ್ಕ ಅವರಿಗೆ ಹಾಗೆ ಹೇಳಿದ್ದಾಳಂತೆ. ಅದಕ್ಕೇ ಪ್ರತಿ ಭಾನುವಾರ, ನಿಮಗೆ ನೋವಾಗ್ಬಾರ್ದು ಅಂತ, ಅವರು ಮಗೂನ ಎತ್ಕೊಂಡು ಬೇರೆ ರೂಮಿಗೆ ಹೋಗ್ತಿದ್ರಂತೆ."

ಅಮ್ಮ ಅಕ್ಕನ ಕಡೆ ನೋಡಲಿಲ್ಲ. ಬಹಳ ಹೊತ್ತು ಆ ಹೆಗಲ ಮೇಲಿನ ತಲೆಯನ್ನೇ ನೋಡಿದಳು.

"ಅವರಿಗೆ ಹೇಳು, ಅದು ಸುಳ್ಳು ಅಂತ," ಎಂದಳು. "ಮೆತ್ತಗೆ ಹೇಳು. ಮಗು ಎದ್ದುಬಿಡುತ್ತೆ."

ನಾನು ಮೆತ್ತಗೆ ಹೇಳಿದೆ.